ಕೂಗಿಗೆ ಓಗೊಡುವ ಜಾಗ

ನನಗೆ ಕಾಡಿನಲ್ಲಿ ಮಲಗುವ ಹುಚ್ಚು ಹುಟ್ಟಿನಿಂದ ಬಂದದ್ದಲ್ಲ. ನಾನು ಹಾವೇರಿ ಕಡೆಯ ಬಯಲುಸೀಮೆಯವಳು. ಮನೆ, ಬಚ್ಚಲು, ಬಿಸಿನೀರು ಇರುವಾಗ ಅದನ್ನೆಲ್ಲ ಬಿಟ್ಟು ಕಲ್ಲಿನ ಮೇಲೆ ಯಾಕೆ ಮಲಗಬೇಕು ಎಂದು ವಾದಿಸುತ್ತಿದ್ದವಳು. ತೊಂಬತ್ತರ ದಶಕದ ಮೊದಲಲ್ಲಿ ಶಿರಸಿಯ ಪ್ರೌಢಶಾಲೆಯೊಂದಕ್ಕೆ ಕನ್ನಡ ಕಲಿಸಲು ಬಂದೆ. ಅಲ್ಲಿ ಭೂಗೋಳ ಕಲಿಸುವ ಅಕ್ಕೋರು ಇದ್ದರು. ಈ ಕಡೆ ಕಲಿಸುವ ಹೆಂಗಸರನ್ನೆಲ್ಲ ಅಕ್ಕೋರು ಎನ್ನುತ್ತಾರೆ, ನಾನೂ ಅಕ್ಕೋರೇ. ಆದರೆ ಬರೀ ‘ಅಕ್ಕೋರು’ ಎಂದರೆ ಇಡೀ ಶಾಲೆಗೆ ಅವರೊಬ್ಬರೇ.

ಚಳಿಗಾಲದ ಯಾವುದಾದರೂ ಶನಿವಾರ, ಬೆಳಗಿನ ಶಾಲೆ ಮುಗಿದದ್ದೇ ಅವರು ಹೊರಡುತ್ತಿದ್ದರು. ಒಂದು ತಾಡಪತ್ರಿ, ಹಗ್ಗ, ಅವಲಕ್ಕಿ, ಒಂದು ಡಬ್ಬಿ ಮಿಡಿ ಉಪ್ಪಿನಕಾಯಿ, ಅಷ್ಟೇ ಸಾಮಾನು. ತಾಡಪತ್ರಿ ಹೊರಲು ಗಣಿತದ ಮಾಸ್ತರು ಜೊತೆಗಿರುತ್ತಿದ್ದರು. ‘ಹೆಂಗಸರು ಇಬ್ಬರಾದರೆ ಅಡ್ಡಿಲ್ಲೆ’ ಎಂದು ನನ್ನನ್ನೂ ಎಳೆದುಕೊಂಡರು. ಮಕ್ಕಳನ್ನು ಗಂಡನ ಕೈಗೆ ಕೊಟ್ಟು, ಒಂದೇ ಸಲ, ಸಾಕು, ಎಂದುಕೊಂಡು ಹೋದೆ. ಹದಿನೈದು ವರ್ಷ ಹೋದೆ.

ಜಾಗ ಆರಿಸುವುದರಲ್ಲಿ ನಮ್ಮ ಮೂವರಿಗೂ ಮೂರು ಮತ. ಮಾಸ್ತರಿಗೆ ಜಲಪಾತ ಬೇಕು, ಸೂರ್ಯಾಸ್ತ ಬೇಕು. ನನಗೆ ನಾಲ್ಕು ಹೆಜ್ಜೆಯೊಳಗೆ ನೀರು ಬೇಕು, ಜಿಗಣೆ ಇರಬಾರದು. ಅಕ್ಕೋರಿಗೆ ಬೇಕಾದದ್ದು ಒಂದೇ. ಹೆಗಲ ಚೀಲ ಕೆಳಗಿಡದೆ ನಿಂತು, ಬಾಯಿಗೆ ಕೈ ಅಡ್ಡ ಹಿಡಿದು, ಒಂದು ಸಲ ‘ಕೂ…’ ಎಂದು ಕೂಗುತ್ತಿದ್ದರು. ಮಲೆನಾಡಿನಲ್ಲಿ ಒಂದು ಮನೆಗೂ ಇನ್ನೊಂದಕ್ಕೂ ನಡುವೆ ಗುಡ್ಡ, ಕಣಿವೆ ಇರುವುದರಿಂದ ಜನ ಹೀಗೆ ಕೂ ಹಾಕಿಯೇ ಒಬ್ಬರನ್ನೊಬ್ಬರು ಮಾತಾಡಿಸುತ್ತಾರೆ. ಎಲ್ಲಿಂದಲಾದರೂ ಒಂದು ಮನೆ ಓಗೊಟ್ಟರೆ ಆ ಜಾಗ ಪಾಸು. ಇಲ್ಲವಾದರೆ ಅದು ಇಂದ್ರನ ಅಮರಾವತಿಯಾಗಿದ್ದರೂ ನಪಾಸು.

ಹುಲೇಕಲ್ಲಿನ ಆಚೆ ಒಂದು ಜಾಗ ಈಗಲೂ ನನ್ನ ಕಣ್ಣಿನಲ್ಲಿದೆ. ಹಾಸಿಟ್ಟಂಥ ಬಂಡೆ, ಬದಿಗೆ ತಿಳಿನೀರು. ಅಕ್ಕೋರು ಕೂ ಹಾಕಿದರು. ಎಲೆ ಅಲುಗಿತೇ ವಿನಾ ಯಾವ ಮನೆಯೂ ಓಗೊಡಲಿಲ್ಲ.

“ಏನ್ರಿ ಅಕ್ಕೋರ, ಇಷ್ಟ್ ಚಲೋ ಜಾಗಾ ಐತಿ, ಇಲ್ಲೇ ಹಾಕೂಣು ಬರ್ರಿ” ಎಂದೆ.

“ಚಂದ ಇದ್ರೆ ಆತಾ? ಕಾಡಲ್ಲಿ ಮಲಗದು ದೊಡ್ಡ ಧೈರ್ಯ ಅಲ್ಲ ಮಾರಾಯ್ತಿ. ನಾವು ಇಲ್ಲಿ ಇದ್ದದ್ದು ಒಬ್ಬರಿಗಾದ್ರೂ ಗೊತ್ತಿರ್ಬೇಕು” ಎಂದು ಚೀಲ ಸರಿಮಾಡಿಕೊಂಡು ತಿರುಗಿಯೇಬಿಟ್ಟರು. ಆ ದಿನ ಬಸ್ಸಿನಲ್ಲಿ ಕೂತು ಅವಲಕ್ಕಿ ತಿನ್ನುತ್ತ ಊರಿಗೆ ಬಂದೆವು. ನನಗೆ ಎಷ್ಟು ಸಿಟ್ಟು ಬಂದಿತ್ತೆಂದರೆ ಸೋಮವಾರದವರೆಗೆ ಅವರೊಡನೆ ಮಾತೇ ಆಡಲಿಲ್ಲ.

ಎಕ್ಕಂಬಿಯ ಹತ್ತಿರ ಇದರ ಉಲ್ಟಾ ಆಯಿತು. ಒಂದು ಕೂಗಿಗೆ ನಾಲ್ಕು ಮನೆಗಳು ಓಗೊಟ್ಟವು. ಓಗೊಟ್ಟು ಸುಮ್ಮನಿದ್ದರಾ? ನಾಲ್ಕೂ ಮನೆಯವರು ಬಂದು, ಯಾರು, ಎಲ್ಲಿಯವರು, ಮನೆಯಿಲ್ಲವೇ ನಿಮಗೆ ಎಂದೆಲ್ಲ ವಿಚಾರಿಸಿ ನಮ್ಮನ್ನು ಮೆರವಣಿಗೆ ಮಾಡಿಕೊಂಡು ಊಟಕ್ಕೆ ಕರೆದೊಯ್ದರು. ತಾಡಪತ್ರಿ ಬಿಚ್ಚಲೇ ಇಲ್ಲ. ಸಿದ್ದಾಪುರದ ಕಡೆ ಗುಡ್ಡವೊಂದರ ಮೇಲೆ ಅಕ್ಕೋರ ಕೂಗು ಎದುರಿನ ಕಲ್ಲಿಗೆ ಬಡಿದು ಹಾಗೆಯೇ ವಾಪಸು ಬಂತು. “ಬಂತಲ್ರಿ ಉತ್ತರ” ಎಂದು ಮಾಸ್ತರು ಹಗ್ಗ ಬಿಚ್ಚತೊಡಗಿದರು.

“ಅದು ನಂದೇ ದನಿ. ನಂದೇ ದನಿ ಕೇಳಲೆ ಮನೇಲಿ ಕೂತಿದ್ರೆ ಆಗಿತ್ತು” ಎಂದರು ಅಕ್ಕೋರು. ಮಾಸ್ತರು ಗೊಣಗುತ್ತ ಹಗ್ಗ ಸುತ್ತಿದರು.

ಹೀಗೆ ಅಲೆದು ಅಲೆದು ಸಿಕ್ಕಿದ್ದು ಯಲ್ಲಾಪುರ ತಾಲೂಕಿನ ಆ ಜಾಗ. ಅಂಕೋಲೆಯ ಬಸ್ಸು ಹತ್ತಿ, ಅರಬೈಲ್ ಘಟ್ಟ ಶುರುವಾಗುವ ಮೊದಲೇ ಇಳಿದು, ಎರಡು ಮೈಲಿ ನಡೆದರೆ ಒಂದು ಹಳ್ಳ. ಹಳ್ಳದ ಈಚೆ ಒಂದು ಸಣ್ಣ ಮಟ್ಟಸ ಜಾಗ. ನೋಡಲು ವಿಶೇಷ ಏನೂ ಇಲ್ಲ. ಅಕ್ಕೋರು ಕೂ ಹಾಕಿದ್ದೇ ತಡ, ಹಳ್ಳದಾಚೆಯ ದಿಬ್ಬದಿಂದ ಹೆಂಗಸೊಬ್ಬಳ ದನಿ ಗಂಟೆ ಬಾರಿಸಿದ ಹಾಗೆ ಖಣಿಲ್ಲೆಂದು ಬಂತು. ಅಕ್ಕೋರು ಚೀಲ ಕೆಳಗಿಟ್ಟರು.

ಮರುದಿನ ಬೆಳಿಗ್ಗೆ ನಾನೊಂದು ಘನಂದಾರಿ ಕೆಲಸ ಮಾಡಿದೆ. ಹಳ್ಳದಲ್ಲಿ ಮಿಂದೆ. ಮೈ ಹಗುರಾಗಿ, ಬಿಸಿಲು ಬಿದ್ದು, ಸುಖವೋ ಸುಖ. ಆ ಖುಷಿಯಲ್ಲಿ ಕೂ, ಕೂ, ಕೂ ಎಂದು ಮೂರು ಸಲ ಕೂಗಿಬಿಟ್ಟೆ. ನಿಮಿಷಗಳೊಳಗೆ ದಿಬ್ಬದಿಂದ ಒಬ್ಬ ಅಜ್ಜಿ ಕತ್ತಿ ಹಿಡಿದು ಓಡಿಬಂದಳು. ಹಿಂದೆ ಹಗ್ಗದ ಸಿಂಬಿ ಹೊತ್ತ ಅವಳ ಮಗ. ಅವನ ಬಾಯಲ್ಲಿ ತಿನ್ನುತ್ತಿದ್ದ ದೋಸೆ ಇನ್ನೂ ಇತ್ತು.

“ಎಂತ ಆಯ್ತು? ಯಾರು ಬಿದ್ದದ್ದು?” ನಿನ್ನೆ ಓಗೊಟ್ಟ ಅದೇ ಗಂಟೆಯ ದನಿ.

ನಾನು ಒದ್ದೆ ಸೀರೆಯಲ್ಲಿ ನಿಂತು, “ಯಾರೂ ಬಿದ್ದಿಲ್ರಿ ಅಜ್ಜಿ. ಸುಮ್ನ ಖುಷಿಗೆ ಕೂಗಿದ್ನಿ” ಎಂದೆ.

ಒಂದು ಕೂ ಎಂದರೆ ‘ನಾವಿದ್ದೇವೆ’ ಎಂದು, ಮೇಲಿಂದ ಮೇಲೆ ಹಾಕಿದರೆ ‘ಓಡಿ ಬನ್ನಿ’ ಎಂದು. ಇಲ್ಲಿ ಹುಟ್ಟಿದ ಮಗುವಿಗೂ ಗೊತ್ತಿರುವ ಸಂಗತಿ ಬಿ.ಎ. ಮಾಡಿದ ನನಗೆ ಗೊತ್ತಿರಲಿಲ್ಲ. ಅಜ್ಜಿ ಕತ್ತಿಯನ್ನು ಬಂಡೆಯ ಮೇಲಿಟ್ಟು, ಸೊಂಟಕ್ಕೆ ಕೈಕೊಟ್ಟು ಬೈದಳು ನೋಡಿ! “ಕೂ ಹಾಕೂದು ಅಂದ್ರೆ ಆಟ ಮಾಡಿದ್ಯಾ? ನಾಳೆ ನಿಜವಾಗಿ ಬಿದ್ದು ಸೊಂಟ ಮುರ್ಕಂಡ್ರೆ ಯಾರು ಬರ್ತಾರೆ?” ನನ್ನ ತಾಯಿ ಸತ್ತ ಮೇಲೆ ಯಾರೂ ನನ್ನನ್ನು ಅಷ್ಟು ಹಕ್ಕಿನಿಂದ ಬೈದಿರಲಿಲ್ಲ. ಬೈದು ಮುಗಿಸಿ, ಅಲ್ಲೇ ಕೂತು ನಮ್ಮ ಚಹಾ ಕುಡಿದು, “ಇದು ಚಾನಾ, ಬಿಸಿನೀರಾ?” ಎಂದು ಅದನ್ನೂ ಬೈದಳು.

ಜನ ಒಂದು ಜಾಗಕ್ಕೆ ಯಾಕೆ ಅಂಟಿಕೊಳ್ಳುತ್ತಾರೆ ಎಂದು ಯಾರಾದರೂ ಕೇಳಿದರೆ ನನ್ನ ಉತ್ತರ ಇಷ್ಟೇ. ಚಂದ ನೋಡಿದ ಜಾಗಗಳು ಮರೆತುಹೋಗುತ್ತವೆ, ಬೈಸಿಕೊಂಡ ಜಾಗ ಮರೆಯುವುದಿಲ್ಲ. ಆಮೇಲೆ ನಾವು ಬೇರೆ ಜಾಗ ಹುಡುಕಲೇ ಇಲ್ಲ. ಮಾಸ್ತರು ಕೂಡ ಜಲಪಾತದ ಸುದ್ದಿ ಬಿಟ್ಟರು. ಪ್ರತಿ ವರ್ಷ ಹೋಗುವುದು, ಅಕ್ಕೋರು ಒಂದು ಕೂ ಹಾಕುವುದು, ದಿಬ್ಬದ ಮೇಲಿಂದ ಆ ಗಂಟೆಯ ದನಿ ಬರುವುದು, ಚೀಲ ಕೆಳಗಿಡುವುದು.

ಅಕ್ಕೋರಿಗೆ ನಿವೃತ್ತಿಯಾಗುವ ವರ್ಷ ಬಂತು. ಎರಡು ಸಾವಿರದ ಇಸವಿ ದಾಟಿ ಸ್ವಲ್ಪ ಕಾಲವಾಗಿತ್ತು. ಎಂದಿನಂತೆ ಹೋದೆವು, ಅಕ್ಕೋರು ಕೂ ಹಾಕಿದರು. ಉತ್ತರ ಬರಲಿಲ್ಲ.

ಕಾದೆವು. ಹಳ್ಳದ ನೀರು ಹರಿಯುತ್ತಲೇ ಇತ್ತು. ದಿಬ್ಬದ ಕಡೆಯಿಂದ ಒಂದು ನಾಯಿ ಬೊಗಳಿ ಸುಮ್ಮನಾಯಿತು. “ಗೊತ್ತಿರೋ ಜಾಗಾನೇ ಅಲ್ವಾ, ತಾಡಪತ್ರಿ ಕಟ್ಟಿಬಿಡ್ತೆ” ಎಂದರು ಮಾಸ್ತರು.

“ಬೇಡ. ಓಗೊಟ್ರೆ ಉಳಿವದು, ಇಲ್ದಿದ್ರೆ ಇಲ್ಲೆ. ವಾಪಸು ಹೋಪನ” ಎಂದರು ಅಕ್ಕೋರು. ದಿಬ್ಬದ ಕಡೆ ನೋಡದೆಯೇ ಚೀಲದ ಪಟ್ಟಿ ಬಿಗಿದರು. ಹಳ್ಳ ದಾಟಿದರೆ ಆ ಮನೆ ಐದು ನಿಮಿಷದ ದಾರಿ. ಹೋಗಿ ನೋಡಲು ಅವರಿಗೆ ಧೈರ್ಯವಿಲ್ಲ ಎಂದು ನನಗೆ ಆಗ ಹೊಳೆಯಿತು. ಮುಂಗಾರಿಗೆ ಮುಂಚೆ ಅಜ್ಜಿಗೆ ಮೈಯಲ್ಲಿ ಹುಷಾರಿಲ್ಲ ಎಂದು ಯಾರೋ ಹೇಳಿದ್ದರು. ಅವಳು ಇಲ್ಲ ಎನ್ನುವ ಸುದ್ದಿ ಕೇಳುವುದಕ್ಕಿಂತ ಜಾಗವನ್ನೇ ಬಿಟ್ಟುಬಿಡುವುದು ಅವರಿಗೆ ಸುಲಭವಿತ್ತು.

ನನಗೆ ಹುಲೇಕಲ್ಲಿನ ಸಿಟ್ಟು ಮತ್ತೆ ಬಂತು. “ನಿಮ್ಮ ಕಾನೂನು ನೀವ ಇಟಗೋರಿ ಅಕ್ಕೋರ, ನಾ ಹೋಗಿ ನೋಡಿ ಬರ್ತೀನಿ” ಎಂದು ಸೀರೆ ಎತ್ತಿಕಟ್ಟಿ ಹಳ್ಳಕ್ಕಿಳಿದೆ. ಅರ್ಧ ದಿಬ್ಬದಲ್ಲಿ ನಾನೂ ಒಮ್ಮೆ ನಿಂತು ಹಿಂದೆ ನೋಡಿದೆ, ಸುಳ್ಳೇಕೆ.

ಅಜ್ಜಿ ಜಗಲಿಯಲ್ಲಿ ಕಂಬ ಹಿಡಿದು ನಿಂತಿದ್ದಳು. ನನ್ನನ್ನು ಕಂಡದ್ದೇ ಅವಳ ಕಣ್ಣು ಕೆಂಪಾಯಿತು. ಬಾಯಿ ತೆರೆದು ಬೈಯತೊಡಗಿದಳು, ಆದರೆ ಬಂದದ್ದು ದನಿಯಲ್ಲ, ಸುಯ್ಯೆನ್ನುವ ಗಾಳಿ. ಕಿವಿಯನ್ನು ಅವಳ ಬಾಯಿಯ ಹತ್ತಿರ ಒಯ್ದಾಗ ಅವಳ ಮಾತು ತಿಳಿಯಿತು. “ಕೂ ಹಾಕಿದ್ದೆ. ನಿಮ್ಮ ಕಿವಿಗೆ ಎಂತ ಆಗಿದ್ದು?”

ಹಿಂದಿನಿಂದ ಸೊಸೆ ಹೇಳಿದಳು: “ಮಳೆಗಾಲದಿಂದ ದನಿ ಹೋಗಿದೆ. ನಾನು ಓಗೊಡ್ತೆ ಅಂದ್ರೆ ಕೋಲು ತಗೊಳ್ತಾರೆ. ಅದು ಅವರದೇ ಕೆಲಸವಂತೆ.”

ನಾನು ನಗುತ್ತ, ಅಳುತ್ತ ದಿಬ್ಬ ಇಳಿದೆ. ಸುದ್ದಿ ಕೇಳಿದ ಅಕ್ಕೋರು ಸ್ವಲ್ಪ ಹೊತ್ತು ಸೆರಗಿನಿಂದ ಮುಖ ಒರೆಸಿಕೊಂಡರು. ಆಮೇಲೆ ಮಾಸ್ತರ ಕಡೆ ತಿರುಗಿ, “ತಾಡಪತ್ರಿ ಎತ್ತಿ. ಅವಳ ದನಿ ಎಲ್ಲಿವರೆಗೆ ಬತ್ತೋ ಅಲ್ಲಿ ನಮ್ಮ ಜಾಗ” ಎಂದರು. ಆ ಸಲ ಹಳ್ಳದಾಚೆ, ಅವಳ ಗದ್ದೆಯ ಅಂಚಿನಲ್ಲಿ ಉಳಿದೆವು. ಅಲ್ಲಿಗೆ ಅಜ್ಜಿಯ ಕೂಗು ಸಣ್ಣಗೆ, ಆದರೆ ಖಂಡಿತವಾಗಿ ಕೇಳುತ್ತಿತ್ತು.

ಅಕ್ಕೋರ ನಿವೃತ್ತಿಯಾದರೂ ನಾವು ಹೋಗುವುದು ನಿಲ್ಲಲಿಲ್ಲ. ಮರುವರ್ಷ ಅವಳ ಕೊಟ್ಟಿಗೆಯ ಹಿಂದೆ ಉಳಿದೆವು. ಅದರ ಮರುವರ್ಷ ಬಾವಿಯ ಹತ್ತಿರ. ಎಲ್ಲೆಲ್ಲಿಯ ಜಾಗಗಳನ್ನೋ ನಪಾಸು ಮಾಡಿದ ಆ ಹೆಂಗಸು, ಒಂದು ಮುದುಕಿಯ ದನಿ ಕುಗ್ಗಿದಷ್ಟೂ ತಾನು ಹತ್ತಿರ ಸರಿಯುತ್ತಿದ್ದುದನ್ನು ನೋಡಿ ನನಗೆ ಎಷ್ಟು ಹೆಮ್ಮೆಯೆನಿಸುತ್ತಿತ್ತೆಂದು ಅವರ ಎದುರು ಒಮ್ಮೆಯೂ ಹೇಳಲಿಲ್ಲ. ಹೇಳಿದ್ದರೆ, ನಿಂಗೆ ಬೇರೆ ಕೆಲಸ ಇಲ್ಲೆ ಎನ್ನುತ್ತಿದ್ದರು.

ಕೊನೆಯ ಸಲ ಹೋದಾಗ ನಾವು ಅಂಗಳಕ್ಕೇ ಬಂದಿದ್ದೆವು. ಸೊಸೆ ಒಳಗೆ ಮಲಗಿ ಎಂದು ಎಷ್ಟು ಹೇಳಿದರೂ ಅಕ್ಕೋರು ಕೇಳಲಿಲ್ಲ. ಅಜ್ಜಿ ಜಗಲಿಯಲ್ಲಿ ಕಂಬಕ್ಕೊರಗಿ ಕೂತಿದ್ದಳು, ನಮಗೂ ಅವಳಿಗೂ ನಡುವೆ ನಾಲ್ಕು ಮಾರು ಕೂಡ ಇರಲಿಲ್ಲ. ಅಕ್ಕೋರು ಹೆಗಲ ಚೀಲ ಕೆಳಗಿಡದೆ ನಿಂತು, ಬಾಯಿಗೆ ಕೈ ಅಡ್ಡ ಹಿಡಿದು, ಒಂದು ಸಲ ಕೂ ಹಾಕಿದರು. ಅಜ್ಜಿ ನೆಟ್ಟಗೆ ಕೂತು, ಕೈ ಬಾಯಿಯ ಹತ್ತಿರ ತಂದು, ತುಟಿ ಮುಂದೆ ಮಾಡಿದಳು. ನಾನು, ಮಾಸ್ತರು ಕಿವಿಗೊಟ್ಟು ನಿಂತೆವು. ನಮಗಿಬ್ಬರಿಗೂ ಏನೂ ಕೇಳಿಸಲಿಲ್ಲ.

“ಕೇಳ್ತು” ಎಂದರು ಅಕ್ಕೋರು, ಚೀಲ ಕೆಳಗಿಟ್ಟರು.