ವಿಭೂತಿ ಹಚ್ಚದ ಗೆರೆ

ಬಲಗಡೆ ಪಕ್ಕೆಲುಬಿನ ಕೆಳಗೆ ಓರೆಯಾಗಿ ಗೇಣುದ್ದದ ಗುರುತು, ಅದರ ಎರಡೂ ಬದಿಗೆ ಹೊಲಿಗೆಯ ಚುಕ್ಕೆಗಳು. ಹಳೇಬೀಡಿನ ಪಕ್ಕದ ನಮ್ಮೂರಿನ ಈಶ್ವರನ ಗುಡಿಯಲ್ಲಿ ಬರಿಮೈಯಲ್ಲಿ ಪೂಜೆ ಮಾಡುವ ಚಿಕ್ಕಪ್ಪ ಅದನ್ನು ಎಲ್ಲಿ ಬಚ್ಚಿಟ್ಟುಕೊಳ್ಳಬೇಕಿತ್ತು? ಮೇಲೆ ವಿಭೂತಿ ಬಳಿದುಕೊಂಡರು. ಅಭಿಷೇಕದ ನೀರು ಸಿಡಿದು ಅದೂ ಕರಗುತ್ತಿತ್ತು.

ಮಡಿಪಂಚೆಯ ನೆರಿಗೆ ಕದಲಿದರೂ ಹೊಸ್ತಿಲು ದಾಟದ ಮನುಷ್ಯ. ನಾನು ಮಂತ್ರ ಒದರಿದರೆ, "ಅವನಿಗೆ ಕಿವಿ ಕೇಳುತ್ತೆ ಕಣೋ, ನಿಧಾನ" ಎನ್ನುತ್ತಿದ್ದರು. ತೊಂಬತ್ತರ ದಶಕದ ಕೊನೆಯಲ್ಲಿ, ಅರವತ್ತು ದಾಟಿದ ಅವರ ಪಿತ್ತಕೋಶದಲ್ಲಿ ಕಲ್ಲು ಕಟ್ಟಿತು. ನನಗಿನ್ನೂ ಪೂಜೆ ಸರಿಯಾಗಿ ಬಾರದೆಂದು ನೋವು ನುಂಗಿಕೊಂಡೇ ಇದ್ದರು. ಕೊನೆಗೆ ಹಾಸನಕ್ಕೆ ಕರೆದೊಯ್ದಾಗ ಡಾಕ್ಟರು, "ವಯಸ್ಸೂ ಆಗಿದೆ, ತಡ ಮಾಡಿಕೊಂಡೂ ಬಂದಿದ್ದೀರಿ. ಒಳಗೆಲ್ಲ ಅಂಟಿಕೊಂಡಿದೆ. ತೂತು ಹಾಕಿ ಪಿತ್ತಕೋಶ ತೆಗೆಯೋಕಾಗಲ್ಲ, ಹೊಟ್ಟೆ ಕೊಯ್ಯಲೇಬೇಕು" ಎಂದರು.

ಊರಿಗೆ ಮರಳಿ ಪೂಜೆಗೆ ನಿಂತವರನ್ನು ಕಂಡು ಗುಡಿಯ ಯಜಮಾನಿಕೆಯ ಗೌಡರು ತಲೆ ಕೆರೆದುಕೊಂಡರು. "ಒಳಗಿಂದು ಒಂದು ಅಂಗಾನೇ ತೆಗ್ದವ್ರೆ. ಊನ ಆದ ಮೈಯಾಗೆ ದೇವ್ರನ್ನ ಮುಟ್ಟಾದು ಹೆಂಗೆ ಅಯ್ನೋರೆ? ನಿಮ್ ಹುಡುಗ ಮಾಡ್ಲಿ."

ಚಿಕ್ಕಪ್ಪ ಬೀಗದಕೈ ನನಗೆ ಕೊಟ್ಟು, ಶಲ್ಯ ಹೊದ್ದು ಹೊರಗಿನ ಕಂಬದ ಬಳಿ ಕೂತರು.

ಕೆಲವು ವರ್ಷಕ್ಕೆ ನನಗೂ ಅದೇ ಕಲ್ಲು. ಇನ್ನೂ ಮೂವತ್ತರ ವಯಸ್ಸು. ಹಗರೆ ಊರಿನ ಭಾವನನ್ನು ಪೂಜೆಗೆ ಬಿಟ್ಟು ಬೇಗನೆ ಆಸ್ಪತ್ರೆಗೆ ಹೋದೆ. ನಾಲ್ಕು ತೂತಿನಲ್ಲಿ ಪಿತ್ತಕೋಶವನ್ನೇ ಎಳೆದು, ಮಾರನೆಯ ದಿನ ಕಳಿಸಿದರು. ಊರಿಗೆ ಬಂದವನೇ ಗುಡಿಯ ಮುಂದೆ ಗೌಡರಿಗೆ ಅಂಗಿ ಎತ್ತಿ ತೋರಿಸಿದೆ.

"ನಂದೂ ತೆಗೆದಿದ್ದಾರೆ ಗೌಡ್ರೆ. ಚಿಕ್ಕಪ್ಪ ಮುಟ್ಟಬಾರದು ಅಂದ್ರೆ ನಾನೂ ಮುಟ್ಟಬಾರದು."

ಅವರು ಬಗ್ಗಿ ನೋಡಿ ನಕ್ಕರು. "ಇದ್ಯಾವ ಲೆಕ್ಕ ಬುಡಿ. ಸೊಳ್ಳೆ ಕಚ್ದಂಗೈತೆ. ಯಾರ್ಗೂ ಕಾಣಾಕಿಲ್ಲ."

ಬೀಗದಕೈ ಅಲ್ಲೇ ಇಟ್ಟು ಬರಬೇಕಿತ್ತು. ಕಂಬದ ಬಳಿಯಿಂದ ಚಿಕ್ಕಪ್ಪ, "ದೀಪಕ್ಕೆ ಹೊತ್ತಾಯ್ತು, ಒಳಗೆ ಹೋಗೋ" ಎಂದರು. ಹೋದೆ. ನಾಚಿಕೆಯಿಂದ ಕುಗ್ಗಿಹೋಗಿದ್ದೆ, ಆದರೂ ಹೋದೆ. ಆಮೇಲೆ ಅವರಿಗೆ ಮಂಗಳಾರತಿ ಕೊಡುವಾಗಲೆಲ್ಲ ತಟ್ಟೆಯನ್ನೇ ನೋಡುತ್ತಿದ್ದೆ.

ಅವರು ತೀರಿಕೊಂಡಾಗ ಮೈ ತೊಳೆದವನು ನಾನೇ. ಹಣೆ, ಎದೆ, ತೋಳಿಗೆ ವಿಭೂತಿ ಹಚ್ಚಿದೆ. ಆ ಗೆರೆಯನ್ನು ಮಾತ್ರ ಹಾಗೇ ಬಿಟ್ಟೆ.

"ಹೊಟ್ಟೆ ಮ್ಯಾಲೆ ಶಲ್ಯ ಎಳೀರಿ ಅಯ್ನೋರೆ" ಎಂದರು ಗೌಡರು.

ಎಳೆಯಲಿಲ್ಲ. ಕಾಣಲಿ ಎಂದುಕೊಂಡೆ. ಚಿಕ್ಕಪ್ಪ ಬದುಕಿದ್ದಾಗ ಇಷ್ಟು ಧೈರ್ಯ ನನಗಿರಲಿಲ್ಲ. ಸೂತಕ ಕಳೆದು ಗುಡಿಯ ಬೀಗ ತೆಗೆದ ದಿನ, ಆ ಕಂಬದ ಕಡೆ ತಿರುಗದೆ ಒಳಗೆ ಹೋದೆ. ಈಗಲೂ ಹಾಗೇ ಹೋಗುತ್ತೇನೆ.