ಎರಡು ಕೊಕ್ಕಿನ ಸಕ್ಕರೆ ಗಿಳಿ

ಯಂತ್ರ ಕೆಡಲಿಲ್ಲ. ನನ್ನ ಗಂಡ ತಪ್ಪು ಕೊರೆದರು, ಅಷ್ಟೇ. ಮೊಮ್ಮಗಳು ಈಗಲೂ ಕಂಪ್ಯೂಟರಿಗೆ ಏನೋ ಆಯಿತು ಅನ್ನುತ್ತಾಳೆ. ಮಗಳು ಕರೆಂಟಿನ ಮೇಲೆ ಹಾಕುತ್ತಾಳೆ. ಮುದುಕರ ಮನಸ್ಸು ನೋಯಬಾರದು ಅಂತ ಆಡುವ ಮಾತುಗಳಿವು. ನಾನು ಪಕ್ಕದಲ್ಲೇ ಮಣೆ ಹಾಕಿಕೊಂಡು ಕೂತಿದ್ದವಳು. ಯಂತ್ರಕ್ಕೆ ಏನು ಹೇಳಿದರೋ ಅದನ್ನು ಅದು ಮಾಡಿತು.

ನಾನು ತುಮಕೂರು ಕಡೆಯವಳು. ನಾಲ್ಕನೇ ಕ್ಲಾಸಿಗೆ ಓದು ಮುಗಿಯಿತು. ಅವರು ತೆಲುಗಿನವರು. ಮದುವೆಯಾಗಿ ವಿಜಯವಾಡಕ್ಕೆ ಬಂದಮೇಲೆ ನಾನು ತೆಲುಗು ಕಲಿತೆ, ಅವರು ಅರ್ಧಂಬರ್ಧ ಕನ್ನಡ ಕಲಿತರು. ಅವರ ಕೆಲಸ ಎರಕದ ಕಾರ್ಖಾನೆಯಲ್ಲಿ. ಕಬ್ಬಿಣದಲ್ಲಿ ಎರಕ ಹೊಯ್ಯಬೇಕಾದ ವಸ್ತುವನ್ನು ಮೊದಲು ಮರದಲ್ಲಿ ಮಾಡಿ ಕೊಡಬೇಕು. ಆ ಮರವನ್ನು ಮರಳಿನಲ್ಲಿ ಒತ್ತಿ, ತೆಗೆದು, ಆದ ಗುಳಿಯೊಳಗೆ ಕರಗಿದ ಕಬ್ಬಿಣ ಸುರಿಯುತ್ತಾರೆ. ಪಂಪು, ಗಾಲಿ, ಮೋಟಾರಿನ ಹೊಟ್ಟೆ, ಎಲ್ಲವನ್ನೂ ಅವರು ಮರದಲ್ಲಿ ಮಾಡಿದ್ದಾರೆ. ಓರೆ ಕಂಡರೆ ಆಗದ ಮನುಷ್ಯ. ನೆಂಟರ ಮನೆಗೆ ಹೋದರೂ ಗೋಡೆಯ ಕ್ಯಾಲೆಂಡರನ್ನು ನೆಟ್ಟಗೆ ಮಾಡಿಯೇ ಕೂರುವುದು. ನನಗೆ ಇದರಿಂದ ಎಷ್ಟೋ ಸಲ ನಾಚಿಕೆಯಾಗಿದೆ.

ಕೆಲಸ ಬಿಟ್ಟು ಭವಾನಿಪುರಂ ಮನೆಯಲ್ಲಿ ಕೂತ ಮೇಲೆ ಅವರ ಬಲಗೈ ನಡುಗಲು ಶುರುವಾಯಿತು. ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಕಾಫಿಯನ್ನು ಅರ್ಧ ಲೋಟ ಮಾತ್ರ ಕೊಡತೊಡಗಿದೆ.

ಆ ಹೊತ್ತಿಗೆ ನನ್ನ ಮರದ ಅಚ್ಚುಗಳಿಗೆ ಗೆದ್ದಲು ಹಿಡಿಯಿತು. ಸಂಕ್ರಾಂತಿಗೆ ಎಳ್ಳು ಬೆಲ್ಲದ ಜೊತೆ ಸಕ್ಕರೆ ಅಚ್ಚು ಇಡುವುದು ನಮ್ಮ ಕಡೆಯ ಪದ್ಧತಿ. ಇಲ್ಲಿಯವರು ಮಾಡುವುದಿಲ್ಲ, ನಾನು ಬಿಟ್ಟಿಲ್ಲ. ಎರಡು ಮರದ ಹೋಳು, ಒಂದೊಂದರಲ್ಲೂ ಅರ್ಧರ್ಧ ಗಿಳಿ. ಎರಡನ್ನೂ ಕೂಡಿಸಿ, ದಾರ ಕಟ್ಟಿ, ಕೆಳಗಿನ ಸಂದಿನಿಂದ ಪಾಕ ಹೊಯ್ದು, ಆರಿದ ಮೇಲೆ ಬಿಚ್ಚಿದರೆ ಇಡೀ ಗಿಳಿ. ಅದರ ಒಂದು ಹೋಳನ್ನು ಗೆದ್ದಲು ಪೂರ್ತಿ ತಿಂದಿತ್ತು. ಇನ್ನೊಂದರಲ್ಲಿ ಗಿಳಿಯ ಗುರುತು ಉಳಿದಿತ್ತು. ಗಿಳಿಯಿಲ್ಲದೆ ಹಬ್ಬ ಮಾಡಿದರೆ ಆಕಾಶ ಬೀಳುವುದಿಲ್ಲ. ಅದನ್ನೇ ಹೇಳಿದೆ. ಅವರು ಕೇಳದೆ ಉಳಿ ತೆಗೆದು ಕೂತರು. ಉಳಿ ಜಾರಿತು. ಮರ ಸೀಳಿತು, ಹೆಬ್ಬೆರಳೂ ಸೀಳಿತು. ಉಳಿಗಳನ್ನೆಲ್ಲ ಒರೆಸಿ, ಎಣ್ಣೆ ಹಚ್ಚಿ, ನನ್ನ ಹಳೇ ಸೀರೆಯ ತುಂಡಿನಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದರು. ಅಂದಿನಿಂದ ಸುಮ್ಮನೆ ಬಾಗಿಲಲ್ಲಿ ಕೂರುವುದು. ಗೋಡೆಯ ಕ್ಯಾಲೆಂಡರ್ ಓರೆಯಾಗಿದ್ದರೂ ಎದ್ದು ಸರಿಮಾಡಲಿಲ್ಲ. ಅದು ನನಗೆ ಹಿಡಿಸಲಿಲ್ಲ.

ಮೊಮ್ಮಗಳು ವಿಶಾಖಪಟ್ಟಣದ ಎಂವಿಪಿ ಕಾಲೋನಿಯಲ್ಲಿ ಅವರಪ್ಪ ಅಮ್ಮನ ಜೊತೆ ಇದ್ದು ಇಂಜಿನಿಯರಿಂಗ್ ಓದುತ್ತಿದ್ದಳು. ರಜೆಗೆ ಬಂದವಳು ಫೋನಿನಲ್ಲಿ ಒಂದು ಯಂತ್ರ ತೋರಿಸಿದಳು. ತಾನೇ ಆಚೆ ಈಚೆ ಹೋಗಿ, ಮೇಲೆ ಕೆಳಗೆ ಇಳಿದು, ಮರದಲ್ಲಿ ಹೂವು ಕೊರೆಯುತ್ತಿತ್ತು.

“ಸಿಎನ್‌ಸಿ ಅಂತಾರೆ ತಾತಯ್ಯಾ. ಮನೇಲೇ ಮಾಡಬಹುದು. ಚಿಕ್ಕದು.”

ಅವರು ಮತ್ತೆ ಮತ್ತೆ ಹಾಕಿಸಿಕೊಂಡು ನೋಡಿದರು. ಕೊನೆಗೆ, “ಇದಕ್ಕೆ ಕೈ ನಡುಗಲ್ಲ ಕದಾ?” ಅಂದರು. ನಡುಗುವ ಮಾತು ಅವರ ಬಾಯಿಂದ ಬಂದದ್ದು ಅದೇ ಮೊದಲು.

ರಾಜ್ಯದ ಹೊಸ ರಾಜಧಾನಿ ಪಕ್ಕದಲ್ಲೇ ಬರುತ್ತದೆಂದು ಊರಿನಲ್ಲಿ ಬಾಡಿಗೆಯೆಲ್ಲ ಏರಿದ್ದ ಕಾಲ, ಕೈ ಬಿಗಿ. ಹೊಸದು ಕೊಳ್ಳುವ ಮಾತೇ ಇಲ್ಲ. ಯಾವುದೋ ಆಫೀಸಿನವರು ಎಸೆದ ಮೇಜಿನಿಂದ ಡ್ರಾಯರ್ ಎಳೆಯುವ ಹಳಿಗಳನ್ನು ಇವರು ಬಿಚ್ಚಿ ತಂದರು. ಯಂತ್ರದ ತಲೆ ಓಡಾಡಲು ಅದೇ ದಾರಿ. ಆ ತಲೆಯನ್ನು ತಳ್ಳಲು, ಉದ್ದಕ್ಕೂ ಸ್ಕ್ರೂವಿನ ಹಾಗೆ ಸುತ್ತು ಇರುವ ಕಬ್ಬಿಣದ ಸರಳು ಒನ್ ಟೌನ್ ಪೇಟೆಯ ಅಂಗಡಿಯಿಂದ ಬಂತು. ಕೆಟ್ಟ ಪ್ರಿಂಟರುಗಳ ಮೋಟಾರುಗಳನ್ನು ಮೊಮ್ಮಗಳು ಚೀಲದಲ್ಲಿ ತಂದಳು. ಕೊರೆಯಲು ಬಡಗಿಗಳು ಹಲಗೆಯ ಅಂಚು ಹೊಡೆಯುವ ಸಣ್ಣ ರೂಟರ್, ಸೆಕೆಂಡ್ ಹ್ಯಾಂಡ್. ಹೊಸದಾಗಿ ಕೊಂಡದ್ದು ಸರಳು ಬಿಟ್ಟರೆ ಅಂಗೈಯಗಲದ ಒಂದು ನೀಲಿ ಬೋರ್ಡು ಮಾತ್ರ. ಮೊಮ್ಮಗಳು ಕೊಟ್ಟ ಹಳೇ ಕಂಪ್ಯೂಟರ್ ಹೇಳಿದ್ದನ್ನು ಮೋಟಾರುಗಳಿಗೆ ಮುಟ್ಟಿಸುವುದು ಅದರ ಕೆಲಸವಂತೆ.

ನನ್ನ ನಡುಮನೆ ಗುಜರಿ ಅಂಗಡಿಯಾಯಿತು. ಬೈದೆ. ಬೈದರೂ ಕುತೂಹಲ ಬಿಡಲಿಲ್ಲ. ಸೊಪ್ಪು ಸೋಸುವ ತಟ್ಟೆ ಹಿಡಿದು ಅಲ್ಲೇ ಕೂರುತ್ತಿದ್ದೆ.

“ಏನ್ರೀ, ಅದಕ್ಕೆ ಗಿಳಿ ಅಂದ್ರೆ ಏನು ಅಂತ ಗೊತ್ತಾ?”

“ಏಮೀ ಗೊತ್ತಿಲ್ಲ. ಇಲ್ಲಿಂದ ಇಲ್ಲಿಗೆ ಹೋಗು, ಇಷ್ಟು ಇಳಿ ಅಂದ್ರೆ ಹೋಗುತ್ತೆ, ಇಳಿಯುತ್ತೆ.”

“ಮತ್ತೆ ಗಿಳಿ ಹೆಂಗಾಗುತ್ತೆ?”

“ಅದು ಹೋಗಿ ಬಂದ ಜಾಗ ಎಲ್ಲ ಸೇರಿದ್ರೆ ಗಿಳಿ.”

ಇದು ನನಗೆ ಬಹಳ ಹಿಡಿಸಿತು. ರಂಗೋಲಿ ಬಿಡುವಾಗ ನನ್ನ ಬೆರಳಿಗಾದರೂ ತಾವರೆ ಅಂತ ಎಲ್ಲಿ ಗೊತ್ತಿರುತ್ತದೆ.

ಮೊದಲ ದಿನ ಒಂದು ದುಂಡನೆಯ ಬೊಟ್ಟು ಕೊರೆಯಲು ಹೇಳಿದರು. ಮೋಟಾರುಗಳು ಗಂಟಲು ಕಟ್ಟಿದವರು ಹಾಡಿದ ಹಾಗೆ ಸದ್ದು ಮಾಡಿದವು. ಪುಡಿ ಹಾರಿತು. ಬೊಟ್ಟಿನ ಬದಲು ಸೊಟ್ಟ ಬದನೆಕಾಯಿ ಬಂತು.

“ನಿಮ್ಮ ಯಂತ್ರಕ್ಕೂ ವಯಸ್ಸಾಗಿದೆ” ಅಂದೆ.

ರಜೆ ಮುಗಿದು ವಿಶಾಖಪಟ್ಟಣಕ್ಕೆ ಹೋಗಿದ್ದ ಮೊಮ್ಮಗಳು ಫೋನಿನಲ್ಲಿ ನಕ್ಕಳು. “ಸ್ಕ್ರೂ ನಟ್ಟು ಲೂಸ್ ಅಮ್ಮಮ್ಮಾ. ಹಿಂದಕ್ಕೆ ತಿರುಗುವಾಗ ಸ್ವಲ್ಪ ಸುಮ್ನೆ ತಿರುಗಿ ಆಮೇಲೆ ಹಿಡಿಯುತ್ತೆ.”

ನಮ್ಮ ಬಚ್ಚಲ ಚಿಲಕವೂ ಹಾಗೇ. ಅವರು ಒಂದು ನಟ್ಟಿನ ಬದಲು ಎರಡು ಹಾಕಿ, ನಡುವೆ ಟಾರ್ಚಿನ ಸ್ಪ್ರಿಂಗ್ ತುರುಕಿದರು. ಆ ಸಡಿಲ ಹೋಯಿತು. ಬೊಟ್ಟು ದುಂಡಗಾಯಿತು. ಅವತ್ತು ಅವರು ಎದ್ದು ಹೋಗಿ ಗೋಡೆಯ ಕ್ಯಾಲೆಂಡರ್ ಸರಿಮಾಡಿದರು. ನಾನು ನೋಡದವಳ ಹಾಗೆ ಇದ್ದೆ.

ಗೆದ್ದಲು ಬಿಟ್ಟ ಹೋಳಿನ ಫೋಟೋ ತರಿಸಿಕೊಂಡು ಮೊಮ್ಮಗಳು ಗಿಳಿಯನ್ನು ಕಂಪ್ಯೂಟರಿನಲ್ಲಿ ಬರೆದು ಕಳಿಸಿದಳು. ಅವಳು ಚಿಕ್ಕಂದಿನಿಂದ ಸಕ್ಕರೆ ಗಿಳಿ ತಿಂದವಳೇ ಹೊರತು ಪಾಕ ಹೊಯ್ಯುವುದನ್ನು ಕಂಡವಳಲ್ಲ. ಅವರು ತೇಗದ ಹೋಳು ಬಿಗಿದು ಗುಂಡಿ ಒತ್ತಿದರು. ಕೊಕ್ಕು, ಕಣ್ಣು, ರೆಕ್ಕೆಯ ಗೆರೆ, ಎಲ್ಲ ಬಂತು. ನಮ್ಮಮ್ಮನ ಅಚ್ಚಿಗಿಂತ ಚೆನ್ನಾಗಿತ್ತು, ಸುಳ್ಳೇಕೆ ಹೇಳಲಿ. ಆಮೇಲೆ ಇನ್ನೊಂದು ಹೋಳು ಬಿಗಿದು ಅದೇ ಗುಂಡಿ ಒತ್ತಿದರು. ಎರಡನ್ನೂ ಅಕ್ಕಪಕ್ಕ ಇಟ್ಟು, “ಚೂಡು, ಕೂದಲೆಳೆ ವ್ಯತ್ಯಾಸ ಇಲ್ಲ” ಅಂದರು. ನನಗೂ ಚೆಂದವೇ ಕಂಡಿತು.

ಹಬ್ಬ ಇನ್ನೂ ಕೆಲವು ದಿನ ಇತ್ತು. ಹೋಳುಗಳನ್ನು ನೀರಿನಲ್ಲಿ ನೆನೆಸಿ, ಜೋಡಿಸಿ, ದಾರ ಬಿಗಿದೆ. ಸಕ್ಕರೆಗೆ ಹಾಲು ಬಿಟ್ಟು ಕೊಳೆ ತೆಗೆದು, ಪಾಕ ಬೆಳ್ಳಗಾಗುವ ತನಕ ತಿರುವಿ ಹೊಯ್ದೆ. ಆರಿದ ಮೇಲೆ ಅವರೇ ದಾರ ಬಿಚ್ಚಿದರು.

ಗಿಳಿಗೆ ಎರಡೂ ಕಡೆ ಕೊಕ್ಕು. ಈ ಕೊಕ್ಕಿನ ಬೆನ್ನಿಗೆ ಆ ಬಾಲ, ಆ ಕೊಕ್ಕಿನ ಬೆನ್ನಿಗೆ ಈ ಬಾಲ. ಹೊಟ್ಟೆಯೊಂದೇ ನೆಟ್ಟಗೆ ಕೂಡಿತ್ತು. ನನಗೆ ನಗು ತಡೆಯಲಾಗಲಿಲ್ಲ.

“ಬರೋದೋ ಹೋಗೋದೋ ಇದು?”

ಅವರು ನಗಲಿಲ್ಲ. ಎರಡು ಹೋಳನ್ನೂ ಪುಸ್ತಕದ ಹಾಗೆ ತೆರೆದು ಹಿಡಿದರು. ಎರಡು ಗಿಳಿಗಳೂ ಎಡಕ್ಕೇ ನೋಡುತ್ತಿದ್ದವು. ಒಂದರ ಮೇಲೊಂದು ಮಗುಚಿದರೆ ಕೊಕ್ಕಿಗೆ ಬಾಲ ಬಂದು ಕೂರದೆ ಇನ್ನೇನು? ಒಂದು ಎಡಕ್ಕೆ, ಒಂದು ಬಲಕ್ಕೆ ಇರಬೇಕಿತ್ತು.

“ಮಸಿ ಹಚ್ಚಲಿಲ್ಲ” ಅಂದರು.

ಕಾರ್ಖಾನೆಯಲ್ಲಿ ಎರಡು ಹೋಳಿನ ಕೆಲಸ ಬಂದರೆ ಅವರು ಮೊದಲನೆಯದನ್ನು ಮಾತ್ರ ಅಳೆದು ಕೊರೆಯುತ್ತಿದ್ದರು. ಅದರ ಅಂಚಿಗೆ ದೀಪದ ಮಸಿ ಬಳಿದು ಖಾಲಿ ಹೋಳಿನ ಮೇಲೆ ಒತ್ತಿದರೆ ಎರಡನೆಯದರ ಗುರುತು ಬೀಳುತ್ತಿತ್ತು, ತಿರುಗಿ ಬೀಳುತ್ತಿತ್ತು. ಎಡ ಬಲವನ್ನು ಮಸಿ ನೋಡಿಕೊಳ್ಳುತ್ತಿತ್ತು. ದುಡಿದ ಕಾಲವೆಲ್ಲ ಅವರು ಅದನ್ನು ಯೋಚಿಸಬೇಕಾಗಿಯೇ ಬರಲಿಲ್ಲ. ಯಂತ್ರ ಬಂತು, ಮಸಿ ಬಿಟ್ಟುಹೋಯಿತು.

ಸಂಜೆ ಮೊಮ್ಮಗಳಿಗೆ ಫೋನಿನಲ್ಲಿ ಹೇಳಿದೆವು.

“ಅಷ್ಟೇನಾ? ಗಿಳಿ ಬೊಮ್ಮ ಎಡಬಲ ತಿರುಗಿಸಿ ಕಳಿಸ್ತೀನಿ ತಾತಯ್ಯಾ, ಒಂದು ನಿಮಿಷದ ಪನಿ.”

“ವದ್ದಮ್ಮಾ. ಸಾಕು” ಅಂದು ಅವರು ಪ್ಲಗ್ ಕಿತ್ತು ನನ್ನ ಕಡೆ ತಿರುಗಿದರು. “ನಾಳೆ ಹಳೇ ಸಾಮಾನಿನವನು ಬಂದ್ರೆ ಕರಿಯೇ. ಕೈ ಹೋಯ್ತು ಅಂದ್ಕೊಂಡಿದ್ದೆ. ತಲೆನೂ ಹೋಯ್ತು.”

“ತಲೆ ಹೋದೋರಿಗೆ ಹೋಗಿದೆ ಅಂತ ಗೊತ್ತಾಗಲ್ಲ” ಅಂದೆ.

ಅವರು ಯಂತ್ರದ ಮೇಲೆ ಹಳೇ ಬೆಡ್‌ಶೀಟ್ ಹೊದಿಸಿ ಬಾಗಿಲಲ್ಲಿ ಹೋಗಿ ಕೂತರು. ನಾನು ಫೋನ್ ಹಿಡಿದು ಅಡುಗೆಮನೆಗೆ ಹೋಗಿ, “ನೀನು ಕಳಿಸೇ. ಅವರ ಮಾತು ನನಗೆ ಬಿಡು” ಅಂದೆ. ಒಂದು ಕೊಕ್ಕು ಮುರಿದು ಬಾಯಿಗೆ ಹಾಕಿಕೊಂಡೆ. ಪಾಕ ಸರಿಯಾಗಿತ್ತು.

ತಿರುಗಿಸಿದ ಗಿಳಿ ರಾತ್ರಿಯೇ ಬಂತು. ಮರುದಿನ ಬೆಳಿಗ್ಗೆ ಅವರು ಬಚ್ಚಲಿನಲ್ಲಿದ್ದಾಗ ಬೆಡ್‌ಶೀಟ್ ತೆಗೆದು ಮಡಿಸಿಟ್ಟೆ. ಉಳಿದಿದ್ದ ತೇಗದ ಹೋಳನ್ನು ಯಂತ್ರದ ಹಲಗೆಯ ಮೇಲಿಟ್ಟು, ಬಾಗಿಲಿಂದಲೇ ಕಾಣುವಷ್ಟು ಓರೆಯಾಗಿ ಕೂರಿಸಿ ತಿರುಪು ಬಿಗಿದೆ. ಪ್ಲಗ್ ಹಾಕಿ ರೂಟರಿನ ಸ್ವಿಚ್ ಒತ್ತಿದೆ. ಅದು ಮನೆಯೆಲ್ಲ ಕೇಳುವ ಹಾಗೆ ಕಿರುಚಿತು. ಕೊರೆಯುವ ಗುಂಡಿಯನ್ನು ನಾನು ಮುಟ್ಟಲಿಲ್ಲ, ಅದು ಅವರದು. ಒಳಗೆ ಹೋಗಿ ಒಲೆಯ ಮೇಲೆ ಹಾಲಿಟ್ಟೆ.