ಎರಡು ದಿನ ಮುಚ್ಚಿಟ್ಟ ನೀರು

ಮದ್ದೂರಿನಲ್ಲಿ ವೀಳ್ಯದೆಲೆ ಮಾರುವವರು ಎಲೆಗೆ ನೀರು ಚಿಮುಕಿಸುವುದರಲ್ಲಿ ಜಿಪುಣತನ ಮಾಡುವುದಿಲ್ಲ. ಹೋದ ತಿಂಗಳು ಒಂದು ಭಾನುವಾರ ನೂರೆಲೆಯ ಕಟ್ಟನ್ನು ಬಾಳೆಎಲೆಯಲ್ಲಿ ಸುತ್ತಿಸಿಕೊಂಡು ಮಳವಳ್ಳಿ ಬಸ್ಸು ಹತ್ತಿ, ಕಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಊರು ದಾಟುವಷ್ಟರಲ್ಲಿ ಸೀರೆ ತಣ್ಣಗೆ ಒದ್ದೆಯಾಯಿತು. ಪಕ್ಕದ ಸೀಟಿನ ಹೆಂಗಸು, "ಕೆಳಗಿಡವ್ವ, ಸೀರೆ ನೆಂದೋಯ್ತದೆ" ಅಂದರು.

"ಎಲೆ ನೀರು ತಾನೇ, ಪರವಾಗಿಲ್ಲ" ಅಂದೆ. ಅಂದ ಮೇಲೆ ನನಗೇ ನಗು ಬಂತು. ಐದು ವರ್ಷದ ಹಿಂದೆ ಇದೇ ಮಾತನ್ನು ತುಂಬಿದ ಮನೆಯೊಂದರಲ್ಲಿ ಹೇಳಿದ್ದೆ. ಆಗ ಅದು ಎಲೆಯ ನೀರಾಗಿರಲಿಲ್ಲ.

ನಾನು ಮಾತು ಕಡಿಮೆಯವಳು ಎಂದು ಮೊದಲೇ ಹೇಳಿಬಿಡುತ್ತೇನೆ. ಹಾಸ್ಟೆಲಿನಲ್ಲಿ ಎರಡು ವರ್ಷ ನನ್ನ ಜೊತೆ ಒಂದೇ ಕೋಣೆಯಲ್ಲಿದ್ದ ಗೆಳತಿಗೆ ನನ್ನ ಮದುವೆಯ ಸುದ್ದಿ ಕರೆಯೋಲೆ ಕೈಗೆ ಬಂದಾಗಲೇ ತಿಳಿದದ್ದು. ರಸಾಯನಶಾಸ್ತ್ರ ಓದಿದವಳು, ಕಾಲೇಜಿನಲ್ಲಿ ಅದನ್ನೇ ಪಾಠ ಮಾಡುತ್ತೇನೆ. ಮದ್ದೂರಿನ ನಮ್ಮ ಅತ್ತೆ, ಮನೆಗೆ ಬಂದವರಿಗೆಲ್ಲ ನನ್ನನ್ನು ಪರಿಚಯಿಸುವುದು ಹೀಗೆ: "ನಮ್ ಸೊಸೆ ಉಪ್ನೂ ತೂಕ ಆಕ್ತಾಳೆ, ಮಾತ್ನೂ ತೂಕ ಆಕ್ತಾಳೆ." ಅದು ಹೊಗಳಿಕೆಯೋ ದೂರೋ ಎಂದು ನಾನು ಕೇಳಲು ಹೋಗಿಲ್ಲ.

ಬಸುರಿಯಾಗಿ ಏಳು ತಿಂಗಳು ತುಂಬಿದಾಗ, ಕಿರುಗಾವಲಿನ ಹತ್ತಿರದ ನನ್ನ ತವರಿನಲ್ಲಿ ಹೂ ಮುಡಿಸುವ ಶಾಸ್ತ್ರ ಇಟ್ಟುಕೊಂಡರು. ನಾನು ಎರಡು ದಿನ ಮೊದಲೇ ಹೋಗಿದ್ದೆ. ಹೋದ ದಿನ ಬೆಳಿಗ್ಗೆಯೇ ಒಳಬಟ್ಟೆ ಒದ್ದೆಯಾಗುತ್ತಿರುವುದು ಗೊತ್ತಾಯಿತು. ಹೆಚ್ಚೇನಲ್ಲ, ತೊಟ್ಟು ತೊಟ್ಟಾಗಿ. ಹೊಟ್ಟೆ ಭಾರವಾದಾಗ ಮೂತ್ರದ ಹಿಡಿತ ತಪ್ಪುತ್ತದೆ ಎಂದು ಎಲ್ಲೋ ಓದಿದ್ದೆ. ಓದಿದ್ದನ್ನು ನಂಬುವುದು ಸುಲಭ, ಅದರಲ್ಲೂ ಯಾರನ್ನೂ ಏನನ್ನೂ ಕೇಳಬೇಕಾಗಿಲ್ಲ ಎಂದಾಗ. ಬಟ್ಟೆ ಬದಲಿಸಿದೆ, ಒಗೆದೆ, ಹಿತ್ತಲಿನ ತಂತಿಯ ಮೇಲೆ ಒಣಹಾಕಿ ಅದರ ಮೇಲೊಂದು ಟವೆಲ್ಲು ಹೊದಿಸಿದೆ. ಮುಚ್ಚಿಡುವುದರಲ್ಲಿ ನನಗೆ ಒಳ್ಳೆಯ ಶಿಸ್ತಿತ್ತು.

ನಮ್ಮ ಕಡೆ ಮಡ್ಲಕ್ಕಿ ತುಂಬುವುದನ್ನು ನೀವು ನೋಡಿರಬಹುದು. ಬಸುರಿಯ ಮಡಿಲಿಗೆ ಅಕ್ಕಿ, ತೆಂಗಿನಕಾಯಿ, ಬೆಲ್ಲ, ವೀಳ್ಯದೆಲೆ ಎಲ್ಲ ಬೀಳುತ್ತದೆ. ಐದು ಜನ ಮುತ್ತೈದೆಯರು ಒಬ್ಬರಾದ ಮೇಲೊಬ್ಬರು ತುಂಬಬೇಕು. ಐದನೆಯವರು ಮುಗಿಸುವವರೆಗೆ ಕೂತವಳು ಏಳಬಾರದು. ಎದ್ದರೆ ಏನಾಗುತ್ತದೆಂದು ಯಾರೂ ಹೇಳುವುದಿಲ್ಲ. ಯಾರೂ ಎದ್ದು ನೋಡಿಲ್ಲವಾದ್ದರಿಂದ ಅದು ಯಾರಿಗೂ ಗೊತ್ತಿಲ್ಲ ಎಂದು ನನ್ನ ಅನುಮಾನ.

ಮೂವರು ತುಂಬಿ ಮುಗಿಸಿದ್ದರು. ನನ್ನ ಕಾಲ ಬಳಿ ನೆಲದ ಮೇಲೆ ಕೂತು ಬಳೆ ತೊಡಿಸುತ್ತಿದ್ದವರು ಕಿರುಗಾವಲಿನ ಜೈಬುನ್ನಮ್ಮ. ನನ್ನ ಅವ್ವನ ಮದುವೆಗೂ ಬಳೆ ತೊಡಿಸಿದ್ದು ಅವರೇ. ಆಗ ಇದ್ದಕ್ಕಿದ್ದಂತೆ ಒಳಗೆ ಏನೋ ಸಡಿಲಿದ ಹಾಗಾಗಿ ಕಾಲುಗಳ ನಡುವೆ ನೀರು ಇಳಿಯಿತು. ಮಡಿಲಲ್ಲಿ ನೆನೆಸಿದ ಎಲೆಯಿತ್ತು, ತೊಳೆದ ಕಾಯಿಯಿತ್ತು. ಅವುಗಳದ್ದೇ ನೀರು ಎಂದುಕೊಂಡು ಬೆನ್ನು ನೆಟ್ಟಗೆ ಮಾಡಿ ಕೂತೆ. ಇನ್ನಿಬ್ಬರು ತಾನೇ ಬಾಕಿ ಇದ್ದದ್ದು.

ಜೈಬುನ್ನಮ್ಮನ ಕೈ ನಿಂತಿತು. "ಯಾಕವ್ವ, ಸೀರೆ ಅಂಚು ನೆಂದೈತೆ?"

"ಎಲೆ ನೀರು ಕಣಮ್ಮ."

ಅವರು ಅಂಚನ್ನು ಬೆರಳಲ್ಲಿ ಹಿಂಡಿ ನೋಡಿದರು, ಮೂಗಿನ ಹತ್ತಿರ ಹಿಡಿದರು. "ಎಲೆ ನೀರು ಬೆಚ್ಚಗಿರಾಕಿಲ್ಲ" ಅಂದರು. ಆಮೇಲೆ ಅವ್ವನ ಕಡೆ ತಿರುಗಿ, "ನೀರು ಒಡ್ದೈತೆ. ಎಬ್ಬಿಸಿ ಆಸ್ಪತ್ರೆಗೆ ಕರ್ಕೊಂಡು ಓಗಿ."

ಅವ್ವ ಕೈಯಲ್ಲಿದ್ದ ತಟ್ಟೆ ಹಿಡಿದುಕೊಂಡೇ ನಿಂತರು. "ಇನ್ನೂ ಇಬ್ರು ತುಂಬಬೇಕು ಜೈಬುನ್ನಮ್ಮ. ಅರ್ಧಕ್ಕೆ ಏಳಬಾರ್ದು."

"ಅರ್ಧಕ್ಕೆ ಏಳಬಾರ್ದಾಗಿರೋದು ಒಳಗಿರೋ ಕೂಸು. ಅದು ಎದ್ದು ಬತ್ತಾ ಐತೆ" ಎಂದವರೇ ನನ್ನ ಎರಡು ಕಂಕುಳಿಗೂ ಕೈ ಹಾಕಿ ಎಬ್ಬಿಸಿದರು. ಅವರು ನನ್ನ ಭುಜದೆತ್ತರಕ್ಕೂ ಇಲ್ಲ.

ಶಾಸ್ತ್ರ ಅಷ್ಟಕ್ಕೆ ನಿಂತಿತು ಎಂದುಕೊಂಡಿರಾ? ನಾಲ್ಕನೆಯವರು ಕಾರಿನ ಬಾಗಿಲಲ್ಲಿ ತುಂಬಿದರು. ಐದನೆಯ ಅಜ್ಜಿ ಓಡಲಾರದೆ ಅಂಗಳದಿಂದಲೇ ಕಿಟಕಿಯೊಳಕ್ಕೆ ಅಕ್ಕಿ ಎಸೆದರು. ಅದರಲ್ಲಿ ಮುಕ್ಕಾಲು ಪಾಲು ಗಾಡಿ ಓಡಿಸಲು ಕೂತಿದ್ದ ನನ್ನ ಗಂಡನ ಕಾಲರಿನೊಳಗೆ ಹೋಯಿತು. ಮಳವಳ್ಳಿಯವರೆಗೂ ಅವರು ಕೊರಳು ಕೆರೆದುಕೊಳ್ಳುತ್ತಲೇ ಇದ್ದರು.

ಮಳವಳ್ಳಿಯಲ್ಲಿ ಡಾಕ್ಟರಮ್ಮ ಒಂದು ಹಳದಿ ಕಾಗದದ ಪಟ್ಟಿಗೆ ಆ ನೀರು ತಾಗಿಸಿದರು. ಅದು ನೀಲಿಯಾಯಿತು. ಮೂತ್ರವಾಗಿದ್ದರೆ ಸಾಮಾನ್ಯವಾಗಿ ಹಾಗಾಗುವುದಿಲ್ಲ. ಬಣ್ಣ ಬದಲಿಸುವ ಕಾಗದವನ್ನು ವರ್ಷವರ್ಷವೂ ಹುಡುಗಿಯರ ಕೈಗೆ ಕೊಟ್ಟು, "ಊಹೆ ಮಾಡಬೇಡಿ, ಪರೀಕ್ಷೆ ಮಾಡಿ" ಎಂದು ಗದರುವವಳು ನಾನು.

"ಯಾವಾಗ ಶುರುವಾಯಿತು?" ಎಂದು ಕೇಳಿದರು. "ಈಗ್ಲೇ, ಅರ್ಧ ಗಂಟೆ ಆಯ್ತು" ಅಂದರು, ಶಾಸ್ತ್ರಕ್ಕೆಂದು ಬಂದು ನಮ್ಮ ಜೊತೆಯೇ ಕಾರು ಹತ್ತಿದ್ದ ಅತ್ತೆ. ಅವ್ವನೂ ತಲೆಯಾಡಿಸಿದರು. ಸರಿಯಾದ ಉತ್ತರ ಗೊತ್ತಿದ್ದವಳು ಆ ಕೋಣೆಯಲ್ಲಿ ನಾನೊಬ್ಬಳೇ. ಪ್ರಶ್ನೆ ಏಕೆ ಮುಖ್ಯ ಎಂಬುದೂ ತಿಳಿದಿತ್ತು: ಹೊಟ್ಟೆಯೊಳಗಿನ ನೀರಿನ ಚೀಲ ಒಡೆದು ಹೊತ್ತು ಕಳೆದಷ್ಟೂ ಸೋಂಕು ಮಗುವಿನವರೆಗೆ ಹೋಗುವ ಭಯ ಹೆಚ್ಚು. ಆದರೂ ಅತ್ತೆಯ ಮುಂದೆ, ಅವ್ವನ ಮುಂದೆ ಒಳಬಟ್ಟೆಯ ಮಾತಾಡುವುದು ಹೇಗೆ? ಒಂದು ಉಪಾಯ ಮಾಡಿದೆ. ಎರಡು ದಿನದಿಂದ ಸೋರುತ್ತಿದೆ ಎಂದು ಇಂಗ್ಲಿಷಿನಲ್ಲಿ ಹೇಳಿದೆ.

ಡಾಕ್ಟರಮ್ಮ ಶುದ್ಧ ಕನ್ನಡದಲ್ಲಿ, ಹೊರಗಿನ ಬೆಂಚಿಗೂ ಕೇಳುವ ಹಾಗೆ ಅಂದರು: "ಎರಡು ದಿನದಿಂದ ಸೋರ್ತಿದೆಯಾ? ಮನೆಯಲ್ಲಿ ಒಬ್ಬರಿಗೂ ಹೇಳಲಿಲ್ವಾ?"

ಅತ್ತೆ ನನ್ನನ್ನೇ ನೋಡಿದರು. "ನಾವು ಮುಚ್ಕಂಡ್ರೆ ಓದಿಲ್ಲ ಅಂತಾರೆ. ನೀನ್ಯಾಕವ್ವ ಮುಚ್ಕಂಡೆ?"

ಡಾಕ್ಟರಮ್ಮ ಮಂಡ್ಯದ ದೊಡ್ಡ ಆಸ್ಪತ್ರೆಗೆ ಚೀಟಿ ಬರೆದು ಆಂಬುಲೆನ್ಸಿಗೆ ಫೋನು ಮಾಡಿದರು.

ಮಂಡ್ಯಕ್ಕೆ ಹೋಗುವ ಆಂಬುಲೆನ್ಸಿನಲ್ಲಿ ಅವ್ವ ನನ್ನ ಪಾದ ಹಿಡಿದುಕೊಂಡು ಕೂತಿದ್ದರು. "ಟವೆಲ್ ಕೆಳಗಿನ ಬಟ್ಟೆ ನೋಡಿದ್ದೆ ಕಣವ್ವ" ಅಂದರು. "ಒಂದ್ಸಲ ಅಲ್ಲ, ನಾಕು ಸಲ. ಬೆಳೆದ ಮಗಳು, ಓದಿದೋಳು, ಎಂಗೆ ಕೇಳೋದು ಅಂತ ನಾಚ್ಕೆ ಆಯ್ತು." ನನ್ನ ಮೌನ ನನ್ನ ಸ್ವಂತ ಸಂಪಾದನೆ ಎಂದು ಅಲ್ಲಿಯವರೆಗೆ ನಂಬಿದ್ದೆ. ಅದು ತವರಿನಿಂದ ಬಂದದ್ದು.

ಮಂಡ್ಯದ ಡಾಕ್ಟರು ವಿಷಯವನ್ನು ಸರಳವಾಗಿ ಹೇಳಿದರು. ಮೂವತ್ತೊಂದು ವಾರದ ಮಗು. ಈಗಲೇ ಹುಟ್ಟಿದರೆ ಶ್ವಾಸಕೋಶ ಎಳಸು, ಉಸಿರಾಡಲು ಕಷ್ಟ. ಒಳಗೇ ಇದ್ದರೆ ಸೋಂಕಿನ ಭಯ. ಸೋಂಕು ಕಾಣದಿರುವವರೆಗೆ ಕಾಯೋಣ, ಮೂವತ್ತನಾಲ್ಕು ವಾರ ಮುಟ್ಟಿದರೆ ಗೆದ್ದ ಹಾಗೆ. ಶ್ವಾಸಕೋಶ ಬಲಿಯಲು ಇಂಜೆಕ್ಷನ್ ಕೊಟ್ಟರು, ಸೋಂಕು ತಡೆಯಲು ಔಷಧಿ ಕೊಟ್ಟರು. "ನೀವು ಮಾಡಬೇಕಾದದ್ದು ಒಂದೇ. ಏನೇ ವ್ಯತ್ಯಾಸವಾದರೂ ಆ ಕ್ಷಣವೇ ಹೇಳಬೇಕು."

ಏನನ್ನೂ ಯಾರಿಗೂ ಹೇಳದೆ ಬದುಕಿದವಳಿಗೆ ಇದು ಚೆನ್ನಾಗಿತ್ತು. ದಿನಕ್ಕೆ ಆರು ಸಲ ಪ್ಯಾಡು ತೆಗೆದು ನರ್ಸಿಗೆ ತೋರಿಸಬೇಕು: ಬಣ್ಣ ಹೇಗಿದೆ, ವಾಸನೆ ಇದೆಯೇ. ಅತ್ತೆ ಅದರ ವರದಿಯನ್ನು ವಾರ್ಡಿಗೆಲ್ಲ ಒಪ್ಪಿಸುತ್ತಿದ್ದರು. ಫೋನಿನಲ್ಲಿ ಮದ್ದೂರಿಗೂ, "ಇವತ್ತು ಬೆಳ್ಳಗೈತೆ ಕಣ್ಲಾ, ಯೋಚ್ನೆ ಮಾಡ್ಬ್ಯಾಡ" ಎಂದು ನನ್ನ ಗಂಡನಿಗೆ ತಿಳಿಸುತ್ತಿದ್ದರು. ಮೊದಲೆರಡು ದಿನ ಗೋಡೆ ಕಡೆ ತಿರುಗಿ ಮಲಗಿದೆ. ಮೂರನೆಯ ದಿನ ಒಂದು ನೋಟ್‌ಬುಕ್ಕು ತರಿಸಿ, ಹೊತ್ತು, ಬಣ್ಣ, ಜ್ವರ, ಮಗುವಿನ ಒದೆತ ಎಲ್ಲ ಬರೆಯತೊಡಗಿದೆ. ಅಳತೆ ಶುರುವಾದ ಮೇಲೆ ನಾಚಿಕೆಗೆ ಅಷ್ಟು ಜಾಗ ಉಳಿಯಲಿಲ್ಲ. ಎದುರು ಮಂಚದ ಹೆಂಗಸು ತನ್ನದನ್ನೂ ಬರೆದುಕೊಡಿ ಎಂದು ಕೇಳಿದಳು. ಅವಳಿಗೂ ಒಂದು ಪುಟ ಬಿಟ್ಟೆ.

ಹತ್ತೊಂಬತ್ತನೆಯ ದಿನ ಮಧ್ಯಾಹ್ನ, ಊಟದ ಹೊತ್ತು. ವಾರ್ಡಿನಲ್ಲಿ ನೋಡಲು ಬಂದ ಗಂಡಸರೂ ಇದ್ದರು. ಪ್ಯಾಡಿನ ಮೇಲೆ ನಸುಹಸಿರು ಕಂಡಿತು. ಮಗು ಒಳಗೇ ಮಲ ಬಿಟ್ಟರೆ ಹಾಗಾಗುತ್ತದೆ, ಆಮೇಲೆ ಕಾಯುವಂತಿಲ್ಲ ಎಂದು ಡಾಕ್ಟರು ಮೊದಲೇ ಹೇಳಿದ್ದರು. ನರ್ಸು ಆ ತುದಿಯಲ್ಲಿದ್ದರು. "ಸಿಸ್ಟರ್, ನೀರು ಹಸಿರಾಗಿದೆ, ಬನ್ನಿ" ಎಂದು ಕೂಗಿದೆ. ತರಗತಿಯ ಕೊನೆಯ ಬೆಂಚಿಗೆ ಕೇಳಿಸುವ ದನಿ ನನಗೆ ಹೇಗೂ ಇತ್ತು. ಸಂಜೆಯೊಳಗೆ ಮಗಳು ಹುಟ್ಟಿದಳು, ಎರಡು ಕೆಜಿಗೆ ನೂರು ಗ್ರಾಂ ಕಡಿಮೆ. ಹುಟ್ಟಿದ ತಕ್ಷಣ ಅತ್ತಳು. ಹತ್ತು ದಿನ ಮಕ್ಕಳ ವಿಭಾಗದಲ್ಲಿದ್ದು ಮನೆಗೆ ಬಂದಳು. ಈಗ ಮಾತಿನಲ್ಲಿ ಮದ್ದೂರಿನ ಅಜ್ಜಿಯನ್ನು ಹೋಲುತ್ತಾಳೆ.

ಹೋದ ತಿಂಗಳ ಆ ಭಾನುವಾರ ನಾನು ಹೊರಟಿದ್ದು ಮಳವಳ್ಳಿಯಲ್ಲಿರುವ ಚಿಕ್ಕಪ್ಪನ ಮಗಳು ಸುಮಳ ಹೂ ಮುಡಿಸುವ ಶಾಸ್ತ್ರಕ್ಕೆ. ಬಾಗಿಲಿನಲ್ಲಿ ಎಲೆ ಕೊಟ್ಟು ಅವಳ ಪಕ್ಕ ಕೂತು, "ಸುಮ, ಬಟ್ಟೆ ಒದ್ದೆಯಾಗೋದು, ಸೋರೋದು, ಏನಾದ್ರೂ ಇದೆಯಾ?" ಎಂದು ಕನ್ನಡದಲ್ಲಿಯೇ ಕೇಳಿದೆ. ಹಾಡುತ್ತಿದ್ದವರು ನಿಲ್ಲಿಸಿದರು.

"ಅಕ್ಕ, ಮೆಲ್ಲಗೆ" ಅಂದಳು.

"ಮೆಲ್ಲಗೆ ಕೇಳಿದರೆ ನೀನೂ ಮೆಲ್ಲಗೆ ಇಲ್ಲ ಅಂತೀಯ. ಹೇಳು."

ಅವಳು ತನ್ನ ಅತ್ತೆಯ ಕಡೆ ನೋಡಿದಳು, ಆಮೇಲೆ ನನ್ನ ಕಡೆ. "ಸೋರೋದೆಲ್ಲ ಇಲ್ಲ. ಆದ್ರೆ ಒಂದು ವಾರದಿಂದ ಕಾಲು ಊದ್ತಾ ಐತೆ. ತಲೆನೋವು, ಕಣ್ಣು ಮಂಜು ಮಂಜು. ಶಾಸ್ತ್ರ ಮುಗೀಲಿ ಅಂತ ಯಾರ್ಗೂ ಹೇಳಿರ್ಲಿಲ್ಲ."

ಅಕ್ಕಿಯ ತಟ್ಟೆ ಹಿಡಿದಿದ್ದ ಅವಳ ಅತ್ತೆ ಅದನ್ನು ಕೆಳಗಿಟ್ಟರು. "ಏಳವ್ವ. ಇದು ಆಮೇಲಾದ್ರೂ ಆಯ್ತದೆ."

ರಕ್ತದೊತ್ತಡ ಏರಿತ್ತು. ನಾಲ್ಕು ದಿನ ಆಸ್ಪತ್ರೆಯಲ್ಲಿಟ್ಟುಕೊಂಡು, ಮಾತ್ರೆ ಕೊಟ್ಟು ಕಳಿಸಿದ್ದಾರೆ. ಎರಡು ದಿನಕ್ಕೊಮ್ಮೆ ತಪಾಸಣೆ. ನಿನ್ನೆ ಸಂಜೆ ಫೋನು ಮಾಡಿ ಅಂದಿನ ಒತ್ತಡ ಎಷ್ಟೆಂದು ಓದಿ ಹೇಳಿದಳು. ಹಿಂದಿನಿಂದ ಅವಳ ಮಾವನ ದನಿ ಕೇಳುತ್ತಿತ್ತು: "ಕಾಲು ಇಳ್ದೈತೆ ಅನ್ನು. ಎಡಗಾಲು ಇನ್ನೂ ಒಸಿ ಐತೆ, ಅದ್ನೂ ಹೇಳು."